ಹೊಟ್ಟೆಯ ಬೊಜ್ಜಿನ ಆಪರೇಷನ್: ಸಂಜೆಗೇ ಮನೆಗೆ ಬರುವವರು ಮೊದಲೇ ಕೇಳಬೇಕಾದದ್ದು

"ಮುಂಜಾನಿ ಹೋಗಿ ಸಂಜಿಕ ಮನಿಗೆ ಬರಬಹುದಂತಲ್ರೀ ಸಿಸ್ಟರ್, ಖರೇನ?"

ಈಚೆಗೆ ವಾರಕ್ಕೆ ಎರಡು ಸಲವಾದರೂ ಈ ಪ್ರಶ್ನೆ ಬರುತ್ತದೆ. ಕೇಳುವವರಲ್ಲಿ ಎರಡು ಸಿಸೇರಿಯನ್ ಆಗಿ ಹೊಟ್ಟೆ ಜೋತುಬಿದ್ದ ಹೆಣ್ಣುಮಕ್ಕಳೇ ಹೆಚ್ಚು. ಮದುವೆ ಗೊತ್ತಾದವರಿದ್ದಾರೆ, ಅಂಗಡಿಯ ಗಲ್ಲಾದ ಮುಂದೆ ಕೂತೂ ಕೂತೂ ಹೊಟ್ಟೆ ಬಂದ ಗಂಡಸರೂ ಇದ್ದಾರೆ. ಉತ್ತರ ಇಷ್ಟೇ: ಬರಬಹುದು, ಖರೆ. ಆದರೆ ಬಂದ ಮೇಲಿನ ಆ ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ನಿಮ್ಮ ಹತ್ತಿರ ಯಾರಿರುತ್ತಾರೆ, ಯಾರು ಫೋನ್ ಎತ್ತುತ್ತಾರೆ, ಎಲ್ಲಿಗೆ ಹೋಗುತ್ತೀರಿ? ಇದಕ್ಕೆ ಉತ್ತರ ಸಿಗುವವರೆಗೆ ಮುಂಗಡ ಕೊಡಬೇಡಿ.

ನಾನು ಡಾಕ್ಟರಲ್ಲ. ಹುಬ್ಬಳ್ಳಿಯಲ್ಲಿ ಆಪರೇಷನ್ ಥಿಯೇಟರಿನ ಪಕ್ಕದ ರಿಕವರಿ ವಾರ್ಡಿನಲ್ಲಿ, ಎಂದರೆ ಮಂಪರು ಇಳಿಯುವ ತನಕ ರೋಗಿಯನ್ನು ಇಟ್ಟು ನೋಡುವ ಕೋಣೆಯಲ್ಲಿ, ವರ್ಷಗಟ್ಟಲೆ ದುಡಿದ ನರ್ಸ್. ಅಲ್ಲಿ ಕಲಿತ ಒಂದು ಮಾತು ಈ ಇಡೀ ಬರಹದ ಬುಡದಲ್ಲಿದೆ: ಹೊಟ್ಟೆಯ ಆಪರೇಷನ್ನಿನ ದೊಡ್ಡ ಅಪಾಯಗಳಲ್ಲಿ ಬಹಳಷ್ಟು ಟೇಬಲ್ ಮೇಲೆ ಮುಖ ತೋರಿಸುವುದಿಲ್ಲ, ಮನೆಗೆ ಹೋದ ಮೇಲೆ ತೋರಿಸುತ್ತವೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ಎಳೆವಯಸ್ಸಿನ ನಟಿಯೊಬ್ಬರು ಬೊಜ್ಜು ತೆಗೆಸಲು ಹೋಗಿ ತೀರಿಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಆಗ ಹೆದರಿದವರು ಈಗ ಮೊಬೈಲಿನಲ್ಲಿ ಆಫರ್ ನೋಡಿ ಮತ್ತೆ ಕೇಳುತ್ತಿದ್ದಾರೆ. ಹೆದರಿಕೆಯನ್ನೂ ಆಫರನ್ನೂ ಬದಿಗಿಟ್ಟು ಒಂದೊಂದೇ ಹಂತ ನೋಡೋಣ.

ಹಂತ 1: ಹೊಟ್ಟೆ ಯಾತರದ್ದು ಎಂದು ತಿಳಿದುಕೊಳ್ಳಿ

ಚಾಪೆಯ ಮೇಲೆ ಅಂಗಾತ ಮಲಗಿ. ಮಲಗಿದ ಮೇಲೂ ಹೊಟ್ಟೆ ಗಡಿಗೆ ಬೋರಲು ಹಾಕಿದಂತೆ ಉಬ್ಬಿಯೇ ನಿಂತಿದ್ದರೆ, ಚಿವುಟಿದರೆ ಕೈಗೆ ತೆಳ್ಳಗಿನ ಚರ್ಮವಷ್ಟೇ ಸಿಕ್ಕರೆ, ನಿಮ್ಮ ಬೊಜ್ಜು ಸ್ನಾಯುವಿನ ಒಳಗೆ, ಕರುಳಿನ ಸುತ್ತ ಇದೆ. ಅಲ್ಲಿಗೆ ಯಾವ ಸರ್ಜನ್ನಿನ ಕೊಳವೆಯೂ ಹೋಗುವುದಿಲ್ಲ, ಹೋಗಲೂಬಾರದು. ಗಂಡಸರ ಹೊಟ್ಟೆ ಬಹಳಷ್ಟು ಸಲ ಇದೇ ಜಾತಿ. ಇಂಥವರಿಗೆ ಊಟ, ನಡಿಗೆ, ಶುಗರ್ ತಪಾಸಣೆ ಬಿಟ್ಟು ಈ ಲೇಖನದಲ್ಲಿ ಮುಂದೆ ಏನೂ ಇಲ್ಲ.

ಚಿವುಟಿದಾಗ ಕೈತುಂಬ ಸಿಗುವ ಬೊಜ್ಜು ಚರ್ಮದ ಅಡಿಯದ್ದು. ಅದನ್ನು ಸಣ್ಣ ತೂತು ಮಾಡಿ ಕೊಳವೆಯಿಂದ ಹೀರಿ ತೆಗೆಯುವುದು ಲೈಪೊಸಕ್ಷನ್. ಚರ್ಮವೇ ಸಡಿಲಾಗಿ ಮಡಿಕೆಯಂತೆ ಜೋತುಬಿದ್ದಿದ್ದರೆ ಹೀರಿದರೆ ಸಾಲದು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಹೆಚ್ಚಿನ ಚರ್ಮ ತೆಗೆದು, ಒಳಗೆ ಅಗಲಿದ ಸ್ನಾಯುಗಳನ್ನು ಹೊಲಿದು ಕೂಡಿಸಬೇಕು. ಇದು ಟಮ್ಮಿ ಟಕ್. ಹೆಸರು ಕೇಳಲು ಮುದ್ದಾಗಿದೆ, ಆಪರೇಷನ್ ಮಾತ್ರ ದೊಡ್ಡದು. ಬರೀ ಚಂದಕ್ಕಾಗಿ ಮಾಡುವ ಆಪರೇಷನ್ನುಗಳಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿರುವವುಗಳ ಸಾಲಿನಲ್ಲಿ ಇದು ನಿಲ್ಲುತ್ತದೆ.

ಮಲಗಿದಲ್ಲಿಂದಲೇ ತಲೆಯನ್ನಷ್ಟೇ ಎತ್ತಿ ನೋಡಿ. ಹೊಟ್ಟೆಯ ನಡುವೆ ಉದ್ದಕ್ಕೆ ದಿಬ್ಬ ಏಳುತ್ತದೆಯೇ? ಬಸಿರಿನಲ್ಲಿ ಅಗಲಿದ ಸ್ನಾಯುಗಳು ಮತ್ತೆ ಕೂಡದಿದ್ದರೆ ಹಾಗಾಗುತ್ತದೆ. ಹೊಕ್ಕುಳ ಅಥವಾ ಹಳೆಯ ಸಿಸೇರಿಯನ್ ಗಾಯದ ಹತ್ತಿರ ಗಂಟಿನಂತೆ ಉಬ್ಬಿದರೆ ಹರ್ನಿಯಾ ಇರಬಹುದು, ಎಂದರೆ ಸ್ನಾಯುವಿನ ಕಿಂಡಿಯಿಂದ ಕರುಳು ಹೊರಗೆ ತೂರಿರಬಹುದು. ಅದು ಗೊತ್ತಿಲ್ಲದೆ ಲೈಪೊಸಕ್ಷನ್ ಕೊಳವೆ ಹಾಕಿದರೆ ಕರುಳಿಗೇ ತೂತು ಬೀಳಬಹುದು. ಹೊಟ್ಟೆಯ ಹಳೆ ಗಾಯ ಇರುವವರು "ಮೊದಲು ಸ್ಕ್ಯಾನಿಂಗ್ ಮಾಡಿಸೋಣ" ಎಂದು ನೀವಾಗಿಯೇ ಕೇಳಿ.

ಲೈಪೊಸಕ್ಷನ್, ಟಮ್ಮಿ ಟಕ್ ಎರಡೂ ತೂಕ ಇಳಿಸುವ ಚಿಕಿತ್ಸೆಗಳಲ್ಲ. ಇನ್ನೊಂದು ಮಗು ಬೇಕೆಂದಿದ್ದರೆ ಟಮ್ಮಿ ಟಕ್ ಮುಂದೂಡಿ. ಬ್ಯೂಟಿ ಪಾರ್ಲರಿನಲ್ಲಿ "ಬೊಜ್ಜು ಕರಗಿಸುವ ಇಂಜೆಕ್ಷನ್" ಎಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ನಿಮ್ಮ ದೇಹ ತಯಾರಿದೆಯೇ

ಇಲ್ಲಿ ಜನ ಹೇಳದೆ ಬಿಡುವ ಸಂಗತಿಗಳೇ ಮುಂದೆ ಕಾಡುತ್ತವೆ. ಒಂದು ಹಾಳೆಯ ಮೇಲೆ ಬರೆದುಕೊಂಡೇ ಡಾಕ್ಟರ್ ಹತ್ತಿರ ಹೋಗಿ.

ಮೊದಲನೆಯದು ತಂಬಾಕು. ಸಿಗರೇಟು, ಬೀಡಿ ಮಾತ್ರವಲ್ಲ. ಗುಟ್ಕಾ, ತಂಬಾಕಿನ ಎಲೆ, ಹಲ್ಲಿಗೆ ಹಚ್ಚುವ ತಂಬಾಕಿನ ಪುಡಿ ಎಲ್ಲವೂ ಲೆಕ್ಕಕ್ಕೆ. ನಿಕೋಟಿನ್ ಯಾವ ದಾರಿಯಿಂದ ಒಳಗೆ ಹೋದರೂ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಎಳೆದು ಹೊಲಿದ ಹೊಟ್ಟೆಯ ಚರ್ಮಕ್ಕೆ ರಕ್ತ ಮೊದಲೇ ಕಡಿಮೆ, ಇನ್ನಷ್ಟು ಕಡಿಮೆಯಾದರೆ ಹೊಕ್ಕುಳ ಕೆಳಗಿನ ಭಾಗ ಕಪ್ಪಾಗಿ ಸಾಯುತ್ತದೆ. ಕನಿಷ್ಠ ನಾಲ್ಕು ವಾರ ಮೊದಲು, ನಾಲ್ಕು ವಾರ ಆಮೇಲೆ ಪೂರ್ತಿ ಬಿಡಬೇಕು. ಮನೆಯವರ ಎದುರು ಹೇಳಲು ನಾಚಿಕೆಯಾದರೆ ಡಾಕ್ಟರನ್ನು ಒಬ್ಬರೇ ಕಂಡು ಹೇಳಿ.

ಎರಡನೆಯದು ಹಾರ್ಮೋನ್ ಗುಳಿಗೆ. ಗರ್ಭನಿರೋಧಕ ಗುಳಿಗೆ ರಕ್ತ ಹೆಪ್ಪುಗಟ್ಟುವ ಸಾಧ್ಯತೆಯನ್ನು ಏರಿಸುತ್ತದೆ ಎಂದು ಕೆಲವರಿಗಾದರೂ ಗೊತ್ತು. ಪೂಜೆಗೋ ಮದುವೆಗೋ ಮುಟ್ಟು ಮುಂದೂಡಲು ಮೆಡಿಕಲ್ ಅಂಗಡಿಯಿಂದ ತಂದು ನುಂಗುವ ಗುಳಿಗೆಯೂ ಅದಕ್ಕೆ ಕೈಗೂಡಿಸುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ಯಾರೂ "ಔಷಧಿ" ಎಂದು ಲೆಕ್ಕ ಹಿಡಿಯುವುದಿಲ್ಲ, ಹಾಗಾಗಿ ಡಾಕ್ಟರ್ ಕೇಳಿದಾಗಲೂ ಬಾಯಿಗೆ ಬರುವುದಿಲ್ಲ. ನಿಮಗೆ ಅಥವಾ ತಂದೆ-ತಾಯಿ, ಅಣ್ಣ-ತಂಗಿಯರಿಗೆ ಎಂದಾದರೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತೇ? ಮೇಲಿಂದ ಮೇಲೆ ಗರ್ಭಪಾತ ಆಗಿದ್ದವೇ? ಕಾಲಿನಲ್ಲಿ ಉಬ್ಬಿದ ನರಗಳಿವೆಯೇ? ಇದೆಲ್ಲ ಕೂಡಿಸಿ ಅಂಕ ಹಾಕುವ ಪಟ್ಟಿಯೊಂದಿದೆ, ಕ್ಯಾಪ್ರಿನಿ ಸ್ಕೋರ್ ಎನ್ನುತ್ತಾರೆ. "ನನ್ನ ಕ್ಯಾಪ್ರಿನಿ ಸ್ಕೋರ್ ಎಷ್ಟು?" ಎಂದು ಕೇಳಿ. ಅಂಕ ಹೆಚ್ಚಿದ್ದರೆ ರಕ್ತ ತೆಳುವಾಗಿಡುವ ಇಂಜೆಕ್ಷನ್ ಬೇಕಾಗಬಹುದು, ಅಥವಾ ಆಪರೇಷನ್ ಬೇಡವೆಂದೇ ಹೇಳಬಹುದು.

ಶುಗರ್ ಇದ್ದವರಿಗೆ ಒಂದು ಮಾತು. ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಎಂಬ ಗುಳಿಗೆಗಳನ್ನು ಆಪರೇಷನ್ನಿಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸುತ್ತಾರೆ. ಇಲ್ಲವಾದರೆ ಉಪವಾಸದಲ್ಲಿ ರಕ್ತ ಹುಳಿಯಾಗುವ ಅಪಾಯವಿದೆ, ಅದೂ ಶುಗರ್ ಮೀಟರಿನಲ್ಲಿ ಅಂಕಿ ಸರಿಯಾಗಿಯೇ ಕಾಣುವಾಗ. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಹೊಟ್ಟೆಯಲ್ಲಿನ ಊಟವನ್ನು ನಿಧಾನಕ್ಕೆ ಕೆಳಗಿಳಿಸುತ್ತವೆ. ನೀವು ಉಪವಾಸವಿದ್ದರೂ ಹೊಟ್ಟೆ ಖಾಲಿ ಇಲ್ಲದಿರಬಹುದು. ಯಾವುದನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ, ಆದರೆ ಚೀಟಿಯಲ್ಲಿ ಬರೆಯಿರಿ.

ತೂಕದ ಲೆಕ್ಕ: ಬಿಎಂಐ, ಎಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, 30 ದಾಟಿದರೆ ತೊಂದರೆಗಳ ಸಾಧ್ಯತೆ ಏರುತ್ತದೆ. 155 ಸೆಂ.ಮೀ. ಎತ್ತರದವರಿಗೆ ಅದು ಸುಮಾರು 72 ಕಿಲೋ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ. ಇದು ತುರ್ತಿನ ಆಪರೇಷನ್ ಅಲ್ಲ, ಎರಡು ತಿಂಗಳು ಕಾದರೆ ಹೊಟ್ಟೆ ಎಲ್ಲಿಗೂ ಓಡಿಹೋಗುವುದಿಲ್ಲ.

ಹಂತ 3: ಡಾಕ್ಟರ್ ಯಾರು

"ಕಾಸ್ಮೆಟಿಕ್ ಸರ್ಜನ್" ಎಂದು ಬೋರ್ಡು ಬರೆಸಿಕೊಂಡ ಮಾತ್ರಕ್ಕೆ ಅವರು ಪ್ಲಾಸ್ಟಿಕ್ ಸರ್ಜರಿ ಕಲಿತವರೆಂದು ಅರ್ಥವಲ್ಲ. ನೀವು ಹುಡುಕಬೇಕಾದದ್ದು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಪದವಿ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ, ಹೆಸರಿನ ಜೊತೆ ತಾಳೆ ನೋಡಿ. ಔಷಧ ಚೀಟಿಯ ಮೇಲೆ ಆ ಸಂಖ್ಯೆ ಇರಲೇಬೇಕು, ಕೇಳಲು ಸಂಕೋಚ ಬೇಡ.

ನಮ್ಮ ಕಡೆಯ ಒಂದು ಪೇಚು ಬೇರೆಯೇ ಇದೆ. ಸರ್ಜನ್ ಬೆಂಗಳೂರಿನಿಂದಲೋ ಪುಣೆಯಿಂದಲೋ ತಿಂಗಳಿಗೊಮ್ಮೆ ಬಂದು, ಒಂದೇ ದಿನ ನಾಲ್ಕೈದು ಆಪರೇಷನ್ ಮಾಡಿ, ರಾತ್ರಿಯ ಗಾಡಿ ಹತ್ತಿ ಹೋಗುವುದುಂಟು. ಕೈ ಎಷ್ಟೇ ಪಳಗಿರಲಿ, ಮರುದಿನ ನಿಮ್ಮ ಹೊಟ್ಟೆಯ ಒಂದು ಬದಿ ಕಲ್ಲಿನಂತೆ ಉಬ್ಬಿದರೆ ಅವರು ಇರುವುದಿಲ್ಲ. "ನೀವು ಹೋದ ಮೇಲೆ ನನ್ನನ್ನು ನೋಡುವವರು ಯಾರು? ಅವರನ್ನು ಇವತ್ತೇ ಭೇಟಿ ಮಾಡಬಹುದೇ?" ಎಂದು ಕೇಳಿ. ಹೆಸರು ಬರದಿದ್ದರೆ ಬೇರೆ ಕಡೆ ನೋಡಿ.

ಮೊದಲ ಭೇಟಿಯಲ್ಲಿ ಮಾತಾಡಿದವರು ಡಾಕ್ಟರೋ, "ಕೋಆರ್ಡಿನೇಟರ್" ಎಂಬ ಮಾರಾಟದವರೋ ಎಂಬುದನ್ನೂ ಗಮನಿಸಿ. ಹೊಟ್ಟೆ ಮುಟ್ಟಿ ನೋಡದೆ ವಾಟ್ಸಾಪ್ ಫೋಟೋ ನೋಡಿಯೇ ದಿನ ಗೊತ್ತುಮಾಡುವವರಿಂದ ದೂರವಿರಿ.

ಹಂತ 4: ಜಾಗ ಹೇಗಿದೆ

ಖಾಸಗಿ ದವಾಖಾನೆ, ಕ್ಲಿನಿಕ್ ಎಲ್ಲಕ್ಕೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಅಡಿ ನೋಂದಣಿ ಬೇಕು. ಎಲ್ಲರೂ ಕೆಪಿಎಂಇ ಎಂದೇ ಕರೆಯುತ್ತಾರೆ. ಪ್ರಮಾಣಪತ್ರ ಕಾಣುವಂತೆ ತೂಗುಹಾಕಿರಬೇಕು. ಅದರಲ್ಲಿ ಸಂಸ್ಥೆಯ ವರ್ಗ ಓದಿ. ಬರೀ ಸಲಹಾ ಕ್ಲಿನಿಕ್ ಎಂದಿದ್ದರೆ ಅಲ್ಲಿ ಹೊಟ್ಟೆ ಕೊಯ್ಯುವ ಮಾತೇ ಇಲ್ಲ.

ಥಿಯೇಟರ್ ತೋರಿಸಿ ಎಂದರೆ ಒಳಗೆ ಬಿಡಲಿಕ್ಕಿಲ್ಲ, ಅದು ಸರಿಯೇ. ಪ್ರಶ್ನೆ ಕೇಳಬಹುದಲ್ಲ. ಹೆಸ್ಕಾಂ ಕರೆಂಟು ಹೋದರೆ ಜನರೇಟರ್ ತಾನಾಗಿ ಹತ್ತುತ್ತದೆಯೇ, ಅದು ಹತ್ತುವ ತನಕ ಯುಪಿಎಸ್ ಇದೆಯೇ? ನಿಂತ ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಇದೆಯೇ? ಉಸಿರಿನಲ್ಲಿ ಹೊರಬರುವ ಕಾರ್ಬನ್ ಡೈಆಕ್ಸೈಡನ್ನು ಅಳೆಯುವ ಕ್ಯಾಪ್ನೋಗ್ರಾಫ್ ಇದೆಯೇ? ಐಸಿಯು ಇಲ್ಲದಿದ್ದರೆ ಯಾವ ದವಾಖಾನೆಗೆ ಒಯ್ಯುವ ಒಪ್ಪಂದವಿದೆ, ಲಿಖಿತವಾಗಿದೆಯೇ? ಲೈಪೊಸಕ್ಷನ್ ಕೊಳವೆಗಳನ್ನು ಆಟೋಕ್ಲೇವಿನಲ್ಲಿ, ಎಂದರೆ ಒತ್ತಡದ ಉಗಿಯಲ್ಲಿ ಬೇಯಿಸುತ್ತಾರೆಯೇ ಅಥವಾ ಔಷಧದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆಯೇ? ಎರಡನೆಯ ಉತ್ತರ ಬಂದರೆ ಅಲ್ಲಿ ಬೇಡ. ಕಾರಣವನ್ನು ಕೊನೆಯ ಹಂತದಲ್ಲಿ ಹೇಳುತ್ತೇನೆ.

ಲೈಪೊಸಕ್ಷನ್ನಿನಲ್ಲಿ ಬೊಜ್ಜು ಸಡಿಲಾಗಲೆಂದು ಲಿಡೋಕೇನ್ ಎಂಬ ಮರಗಟ್ಟಿಸುವ ಔಷಧ ಬೆರೆಸಿದ ಸಲೈನ್ ತುಂಬುತ್ತಾರೆ. ಬಹಳ ಡಾಕ್ಟರುಗಳು ಪಾಲಿಸುವ ಮಿತಿ ಒಂದು ಕಿಲೋ ತೂಕಕ್ಕೆ 35 ಮಿಲಿಗ್ರಾಂ, 60 ಕಿಲೋದವರಿಗೆ 2,100 ಮಿಲಿಗ್ರಾಂ. ಹೀಗೆ ತುಂಬಿದ ಔಷಧ ಬೊಜ್ಜಿನಿಂದ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ರಕ್ತದಲ್ಲಿ ಅದರ ಮಟ್ಟ ತೀರಾ ಮೇಲೇರುವುದು ಸುಮಾರು 8ರಿಂದ 16 ಗಂಟೆಯ ನಂತರ. ಮುಂಜಾನೆ ಹತ್ತಕ್ಕೆ ಆಪರೇಷನ್ ಆದರೆ ಸಂಜೆ ಆರರಿಂದ ನಡುರಾತ್ರಿ ಎರಡರ ನಡುವೆ! ಎಂದರೆ ನೀವು ಮನೆಯಲ್ಲಿ, ಡಾಕ್ಟರ್ ಅವರ ಮನೆಯಲ್ಲಿ ಇರುವ ಹೊತ್ತು. ಇದರ ವಿಷ ಏರಿದರೆ ಕೊಡುವ 20 ಪ್ರತಿಶತದ ಲಿಪಿಡ್ ಎಮಲ್ಷನ್, ಹಾಲಿನಂತೆ ಬೆಳ್ಳಗಿರುವ ಕೊಬ್ಬಿನ ಸಲೈನ್, ದಾಸ್ತಾನಿದೆಯೇ ಎಂದು ಕೇಳಿ. ಆ ಪ್ರಶ್ನೆಗೆ ಡಾಕ್ಟರ್ ಮುಖ ಅರಳಿದರೆ ನೀವು ಸರಿಯಾದ ಕಡೆ ಬಂದಿದ್ದೀರಿ.

ಇನ್ನೊಂದು ಅಂಕಿ ನೆನಪಿಡಿ: 5 ಲೀಟರ್. ಹೀರಿದ ಬೊಜ್ಜು ಮತ್ತು ನೀರು ಕೂಡಿ ಅದಕ್ಕಿಂತ ಹೆಚ್ಚಾದರೆ ರಾತ್ರಿಯಿಡೀ ನಿಗಾದಲ್ಲಿ ಇಡಬೇಕು ಎಂಬುದು ಅಮೆರಿಕದ ಪ್ಲಾಸ್ಟಿಕ್ ಸರ್ಜನ್ನರ ಸಂಘದ ಸಲಹೆ. "ಒಂದೇ ಸಿಟ್ಟಿಂಗಿನಲ್ಲಿ ಹತ್ತು ಲೀಟರ್, ಸಂಜೆ ಡಿಸ್ಚಾರ್ಜ್" ಎನ್ನುವ ಜಾಹೀರಾತು ನೋಡಿದರೆ ಇದನ್ನು ನೆನೆಯಿರಿ.

ನನ್ನ ಸ್ವಂತ ಅಭಿಪ್ರಾಯ ಇದು: ಸಣ್ಣ ಲೈಪೊಸಕ್ಷನ್ನಿಗೆ ಅದೇ ದಿನ ಮನೆಗೆ ಹೋಗಬಹುದು. ಟಮ್ಮಿ ಟಕ್ ಆದವರು ಒಂದು ರಾತ್ರಿ ದವಾಖಾನೆಯಲ್ಲಿರಿ. ಅದರ ಜೊತೆಗೆ ಎದೆಯದ್ದು, ತೊಡೆಯದ್ದು ಎಲ್ಲ ಸೇರಿಸಿದ "ಪ್ಯಾಕೇಜ್" ಬೇಡವೇ ಬೇಡ. ಮಂಪರಿನ ತಾಸು ಉದ್ದವಾದಷ್ಟೂ ಕಾಲಿನ ರಕ್ತ ನಿಲ್ಲುತ್ತದೆ. ಗದಗದಿಂದ ಹುಬ್ಬಳ್ಳಿಗೆ 60 ಕಿ.ಮೀ. ಹತ್ತಿರ, ಹಾವೇರಿಯಿಂದ 75ರ ಆಸುಪಾಸು. ಆ ಊರುಗಳವರು ಅದೇ ಸಂಜೆ ಕಾರಿನಲ್ಲಿ ಕಾಲು ಮಡಿಚಿ ಕೂತು ಹೋಗಬೇಡಿ. ದವಾಖಾನೆಗೆ ಹತ್ತು ನಿಮಿಷದ ದಾರಿಯಲ್ಲಿ ನೆಂಟರ ಮನೆಯೋ ಲಾಡ್ಜೋ ಎರಡು ಮೂರು ದಿನಕ್ಕೆ ಗೊತ್ತು ಮಾಡಿಕೊಳ್ಳಿ.

ಹಂತ 5: ಅರಿವಳಿಕೆ ಡಾಕ್ಟರನ್ನು ಮೊದಲೇ ಕಾಣಿ

ಜನ ಸರ್ಜನ್ನನ್ನು ಹತ್ತು ಕಡೆ ವಿಚಾರಿಸುತ್ತಾರೆ, ಪ್ರಾಣ ಕಾಯುವ ಅರಿವಳಿಕೆ ಡಾಕ್ಟರ ಹೆಸರನ್ನೂ ಕೇಳುವುದಿಲ್ಲ. ಅವರು ಆ ದಿನ ನಿಮ್ಮ ಪಕ್ಕದಿಂದ ಕದಲದೆ ಇರುತ್ತಾರೆಯೇ ಎಂಬುದು ಮುಖ್ಯ ಪ್ರಶ್ನೆ. ಮಂಪರು ಬರಿಸುವ ಇಂಜೆಕ್ಷನ್ನನ್ನು ಸರ್ಜನ್ನೇ ಕೊಟ್ಟು ತಾನೇ ಆಪರೇಷನ್ ಮಾಡುತ್ತೇನೆಂದರೆ ಒಪ್ಪಬೇಡಿ.

ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಮೇಲಿನ ಕೆಳಗಿನ ಹಲ್ಲಿನ ನಡುವೆ ಹೋಗುತ್ತವೆಯೇ? ವರ್ಷಾನುಗಟ್ಟಲೆ ಗುಟ್ಕಾ, ಅಡಿಕೆ ಜಗಿದವರ ಕೆನ್ನೆ ಒಳಗೆ ಚರ್ಮದ ಬಾರಿನಂತೆ ಬಿಗಿದು ಎರಡು ಬೆರಳೂ ಹೋಗುವುದಿಲ್ಲ. ಅಂಥವರಿಗೆ ಉಸಿರಿನ ನಳಿಕೆ ಹಾಕುವುದು ಕಷ್ಟ, ಬೇರೆ ಸಲಕರಣೆ ಬೇಕಾಗುತ್ತದೆ. ಟೇಬಲ್ ಮೇಲೆ ಮಲಗಿಸಿದ ಮೇಲೆ ಇದು ಗೊತ್ತಾಗಬಾರದು. ಗೊರಕೆ, ಅಸ್ತಮಾ, ಅಲುಗಾಡುವ ಹಲ್ಲು, ಹಿಂದಿನ ಸಿಸೇರಿಯನ್ನಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಆದ ತೊಂದರೆ ಎಲ್ಲವನ್ನೂ ಹೇಳಿ.

ಹಂತ 6: ದುಡ್ಡು ಮತ್ತು ಸಹಿ

ಚಂದಕ್ಕಾಗಿ ಮಾಡಿಸುವ ಆಪರೇಷನ್ನಿಗೆ ಆರೋಗ್ಯ ವಿಮೆ ಬರುವುದಿಲ್ಲ. ಸರ್ಕಾರ ಚಿಕಿತ್ಸೆಗೆ ಕೊಟ್ಟ ತೆರಿಗೆ ವಿನಾಯಿತಿಯೂ ಇದಕ್ಕಿಲ್ಲ, ಜಿಎಸ್‌ಟಿ ಬೀಳುತ್ತದೆ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯೇ ಕೇಳಿ. ಅದಕ್ಕಿಂತ ಮುಖ್ಯ: ಹೊಟ್ಟೆಯೊಳಗೆ ರಕ್ತ ತುಂಬಿಕೊಂಡು ಮತ್ತೆ ಥಿಯೇಟರಿಗೆ ಒಯ್ಯಬೇಕಾದರೆ, ಐಸಿಯು ಬೇಕಾದರೆ ಆ ಬಿಲ್ಲು ಯಾರದು? ಬರೆಸಿಕೊಳ್ಳಿ. ಇಎಂಐ ಮಾಡಿಸಿ ಕೊನೆಯ ರೂಪಾಯಿ ಹೊಂದಿಸಿದವರ ಕೈಯಲ್ಲಿ ಆ ರಾತ್ರಿಗೆ ಏನೂ ಉಳಿದಿರುವುದಿಲ್ಲ.

ಒಪ್ಪಿಗೆ ಪತ್ರವನ್ನು ಮೊದಲೇ ಮನೆಗೆ ಒಯ್ದು ಓದಿ. ಕನ್ನಡದಲ್ಲಿ ಕೇಳಿ. ಏನು ಮಾಡುತ್ತಾರೆ, ಬೇರೆ ದಾರಿ ಏನಿದೆ, ಅಪಾಯಗಳೇನು ಎಂದು ತಿಳಿಸಿದ ಮೇಲಿನ ಒಪ್ಪಿಗೆಯೇ ಒಪ್ಪಿಗೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಒಂದಕ್ಕೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ, ಪ್ರಾಣಾಪಾಯದ ಹೊತ್ತು ಬೇರೆ. ಅದೇ ಹಾಳೆಯಲ್ಲಿ ನಿಮ್ಮ ಫೋಟೋ ಪ್ರಚಾರಕ್ಕೆ ಬಳಸುವ ಸಾಲೊಂದು ಸಣ್ಣ ಅಕ್ಷರದಲ್ಲಿ ಅಡಗಿರುತ್ತದೆ. ಬೇಡವಾದರೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿ.

ಮುಂಗಡ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ. ಅವರು "ಯಾವಾಗ ಬೇಕಾದರೂ ಮಾಡ್ರಿ" ಎಂದು ಕೊಟ್ಟ ನಂಬರಿಗೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಮಾಡಿ. ಯಾರು ಎತ್ತಿದರು, ಎಷ್ಟು ರಿಂಗಿಗೆ, ಅವರಿಗೆ ಕಾಲು ಬಾವಿನ ಬಗ್ಗೆ ಕೇಳಿದರೆ ಏನೆಂದರು, ಬರೆದಿಟ್ಟುಕೊಳ್ಳಿ. ನನ್ನ ಪರಿಚಯದವರೊಬ್ಬರು ಹೀಗೆ ಮಾಡಿದಾಗ ಎತ್ತಿದ್ದು ಜಾಹೀರಾತು ಏಜೆನ್ಸಿಯ ಹುಡುಗ. ಅಲ್ಲಿಗೆ ಅವರ ಹುಡುಕಾಟ ಬೇರೆ ದವಾಖಾನೆಯ ಕಡೆ ಹೊರಳಿತು.

ಹಂತ 7: ಆ ದಿನ

ಗಟ್ಟಿ ಆಹಾರ ಆರು ತಾಸು ಮೊದಲು ನಿಲ್ಲಬೇಕು, ಬರೀ ನೀರು ಎರಡು ತಾಸು ಮೊದಲು. ಡಾಕ್ಟರ್ ಹೆಚ್ಚು ಹೊತ್ತು ಹೇಳಿದರೆ ಅವರ ಮಾತೇ ಅಂತಿಮ. ಚಹಾ ನೀರಲ್ಲ! ಹಾಲು ಬಿದ್ದರೆ ಅದು ಗಟ್ಟಿ ಆಹಾರದ ಲೆಕ್ಕ. "ಒಂದೇ ಕಪ್ಪು ಚಾ ಕುಡದೀನ್ರಿ" ಎಂದು ಮಂಪರು ಕೊಡುವ ಹೊತ್ತಿಗೆ ಹೇಳಿದವರನ್ನು ಬಹಳ ನೋಡಿದ್ದೇನೆ. ಹೇಳಿದ್ದು ಒಳ್ಳೆಯದಾಯಿತು, ಮುಚ್ಚಿಟ್ಟಿದ್ದರೆ ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತಿತ್ತು.

ಸರ್ಜನ್ ನಿಮ್ಮನ್ನು ನಿಲ್ಲಿಸಿ ಹೊಟ್ಟೆಯ ಮೇಲೆ ಪೆನ್ನಿನಿಂದ ಗುರುತು ಹಾಕಬೇಕು, ಮಲಗಿದರೆ ಬೊಜ್ಜು ಸರಿದುಹೋಗುತ್ತದೆ. ಥಿಯೇಟರಿನಲ್ಲಿ ಹೆಸರು, ಮಾಡುವ ಆಪರೇಷನ್, ಅಲರ್ಜಿಗಳನ್ನು ಮತ್ತೆ ಮತ್ತೆ ಕೇಳಿದರೆ ಬೇಸರಪಡಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸುರಕ್ಷಾ ಪಟ್ಟಿ ಹಾಗೆಯೇ ಕೇಳಲು ಹೇಳುತ್ತದೆ. ಮೀನಖಂಡಕ್ಕೆ ಕಟ್ಟಿ ಆಗಾಗ ಒತ್ತುವ ಗಾಳಿಚೀಲ ಹಾಕುತ್ತಾರೆಯೇ ಎಂದು ಮಾತ್ರ ನೀವು ಕೇಳಿ, ಟಮ್ಮಿ ಟಕ್ಕಿನಲ್ಲಿ ಅದು ಬೇಕು.

ಹಂತ 8: ಮನೆಗೆ ಬಿಡುವ ಹೊತ್ತು

"ಥಿಯೇಟರ್ ಮುಚ್ಚುವ ಟೈಮ್ ಆಯ್ತು" ಎಂಬುದು ಡಿಸ್ಚಾರ್ಜಿಗೆ ಕಾರಣವಲ್ಲ. ನಾವು ರಿಕವರಿಯಲ್ಲಿ ಐದು ಸಂಗತಿಗೆ ಅಂಕ ಹಾಕುತ್ತೇವೆ: ಬಿಪಿ ಮತ್ತು ನಾಡಿ, ನಡಿಗೆ, ವಾಕರಿಕೆ, ನೋವು, ರಕ್ತಸ್ರಾವ. ಹತ್ತರಲ್ಲಿ ಒಂಬತ್ತು ಬಂದರೆ ಬಿಡಬಹುದು. ನೀವು ಎದ್ದು ಕೂತು, ಶೌಚಾಲಯಕ್ಕೆ ನಡೆದು, ಮೂತ್ರ ಮಾಡಿ, ನೀರು ಕುಡಿದು ಅರಗಿಸಿಕೊಂಡಿರಬೇಕು. ತಲೆ ಸುತ್ತಿದರೆ ಹೊರಡಬೇಡಿ, ಮುಲಾಜು ನೋಡಬೇಡಿ.

ಕೈಯಲ್ಲಿ ಬರವಣಿಗೆಯ ಹಾಳೆ ಇರಲಿ: ಏನು ಮಾಡಿದರು, ಎಷ್ಟು ಲೀಟರ್ ಹೀರಿದರು, ಲಿಡೋಕೇನ್ ಎಷ್ಟು, ಯಾವ ಗುಳಿಗೆ ಯಾವಾಗ, ರಾತ್ರಿ ಯಾವ ದವಾಖಾನೆ. ಬೇರೆ ಕಡೆ ತುರ್ತಿಗೆ ಹೋದಾಗ ಅಲ್ಲಿನ ಡಾಕ್ಟರಿಗೆ ಮೊದಲು ಬೇಕಾಗುವುದು ಇದೇ.

ಹಂತ 9: ಮೊದಲ ರಾತ್ರಿ ಮತ್ತು ಮೊದಲ ವಾರ

ಮೊದಲ 24 ತಾಸು ಎಚ್ಚರವಿರಬಲ್ಲ ದೊಡ್ಡವರೊಬ್ಬರು ಹತ್ತಿರವೇ ಮಲಗಬೇಕು. ಎಂಟು ವರ್ಷದ ಮಗಳೂ ಅಲ್ಲ, ಎದ್ದು ಓಡಾಡಲಾಗದ ಅಜ್ಜಿಯೂ ಅಲ್ಲ. ಅವರಿಗೆ ಕೆಳಗಿನದನ್ನು ಓದಿ ಹೇಳಿ.

ಆ ರಾತ್ರಿ ನಾಲಿಗೆ, ತುಟಿ ಜುಮುಗುಟ್ಟಿದರೆ, ಕಿವಿಯಲ್ಲಿ ಗುಂಯ್ ಎಂದರೆ, ಮಾತು ತೊದಲಿದರೆ, ಬಾಯಲ್ಲಿ ಲೋಹದ ರುಚಿ ಬಂದರೆ ಲಿಡೋಕೇನ್ ಏರುತ್ತಿದೆ. ಕಾಯಬೇಡಿ. ಹೊಟ್ಟೆಯ ಒಂದು ಬದಿ ಮಾತ್ರ ಬಿಗಿದು ಉಬ್ಬಿ ನೋವು ಹೆಚ್ಚಿದರೆ ಒಳಗೆ ರಕ್ತ ತುಂಬುತ್ತಿದೆ. ಹೊಟ್ಟೆಯೆಲ್ಲ ಹಲಗೆಯಂತಾಗಿ ವಾಂತಿ, ಜ್ವರ ಬಂದರೆ ಕರುಳಿಗೆ ಪೆಟ್ಟಾಗಿರಬಹುದು. ಮೊದಲ ಮೂರು ದಿನದಲ್ಲಿ ಉಸಿರು ಸಾಲದೆ ಬುದ್ಧಿ ಗಲಿಬಿಲಿಯಾದರೆ ಬೊಜ್ಜಿನ ಹನಿಗಳು ಶ್ವಾಸಕೋಶಕ್ಕೆ ಹೋಗಿರಬಹುದು. ಒಂದೇ ಕಾಲಿನ ಮೀನಖಂಡ ಬಾತು ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ ಇವು ಹೆಪ್ಪುಗಟ್ಟಿದ ರಕ್ತದ ಗುರುತು. ಇವು ಎರಡು ಮೂರು ವಾರದ ನಂತರವೂ ಬರಬಹುದು, ಡಿಸ್ಚಾರ್ಜ್ ಆಗಿ ಎಲ್ಲ ಮರೆತ ಮೇಲೆ. "ಗ್ಯಾಸ್ ಆಗಿರಬೇಕು" ಎಂದು ಜೀರಿಗೆ ನೀರು ಕುಡಿಸಿ ಬೆಳಗಿನ ತನಕ ಕಾಯುವುದೇ ನಾನು ಕಂಡ ದೊಡ್ಡ ತಪ್ಪು. 108ಕ್ಕೆ ಫೋನ್ ಮಾಡಿ. ಹುಬ್ಬಳ್ಳಿಯಲ್ಲಿ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದಲ್ಲಿ ಜಿಮ್ಸ್, ಹಾವೇರಿಯಲ್ಲಿ ಜಿಲ್ಲಾಸ್ಪತ್ರೆಯ ತುರ್ತು ವಿಭಾಗ ರಾತ್ರಿಯಿಡೀ ತೆರೆದಿರುತ್ತವೆ. ಸರ್ಜನ್ನಿಗೆ ದಾರಿಯಲ್ಲಿ ತಿಳಿಸಬಹುದು.

ಇನ್ನು ಮನೆಯ ಪ್ರೀತಿಯಿಂದ ಆಗುವ ಅನಾಹುತಗಳು. "ಏಳಬ್ಯಾಡ ಯವ್ವಾ, ಮಲ್ಕೊ" ಎಂದು ಹಿರಿಯರು ಬಾಣಂತಿಯಂತೆ ಕೋಣೆಯಲ್ಲಿ ಮಲಗಿಸುತ್ತಾರೆ. ಅವರ ಮಾತು ಕೇಳಿದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದೇ ಸಂಜೆಯಿಂದ ಎರಡು ತಾಸಿಗೊಮ್ಮೆ ಎದ್ದು ಕೋಣೆಯೊಳಗೆ ನಡೆಯಬೇಕು. ಟಮ್ಮಿ ಟಕ್ ಆದವರು ಮುಂದೆ ಬಾಗಿಯೇ ನಡೆಯಿರಿ, ಸೆಟೆದರೆ ಹೊಲಿಗೆ ಎಳೆಯುತ್ತದೆ. ಮಲಗುವಾಗ ಬೆನ್ನಿಗೂ ಮೊಣಕಾಲ ಕೆಳಗೂ ದಿಂಬು. ಹೊಟ್ಟೆಯ ಬೆಲ್ಟನ್ನು ಬಾಣಂತಿಗೆ ಸೀರೆ ಬಿಗಿದಂತೆ ಬಿಗಿಯಬೇಡಿ, ಎರಡು ಬೆರಳು ಒಳಗೆ ಹೋಗುವಂತಿರಲಿ. ಬಿಸಿನೀರಿನ ಚೀಲದ ಶಾಖ ಬೇಡವೇ ಬೇಡ: ಹೊಟ್ಟೆಯ ಚರ್ಮ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ, ಸುಟ್ಟು ಬೊಬ್ಬೆ ಎದ್ದರೂ ನಿಮಗೆ ಗೊತ್ತಾಗುವುದಿಲ್ಲ. ಗಾಯಕ್ಕೆ ಅರಿಶಿನ ಹಚ್ಚಬೇಡಿ.

"ನಂಜಾಗತೈತಿ" ಎಂದು ತತ್ತಿ, ಮೊಸರು, ಬೇಳೆ ಎಲ್ಲ ಬಿಡಿಸಿ ಗಂಜಿ ಕುಡಿಸುತ್ತಾರೆ. ಗಾಯ ಕೂಡಲು ಪ್ರೋಟೀನ್ ಬೇಕು. ರೊಟ್ಟಿ, ಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ತತ್ತಿ ಎಲ್ಲ ತಿನ್ನಿ. ಮಲಬದ್ಧತೆಗೆ ಮೊದಲೇ ಔಷಧಿ ಕೇಳಿ, ತಿಣುಕಿದರೆ ಒಳಹೊಲಿಗೆಗೆ ಪೆಟ್ಟು. ಕೆಳಗೆ ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತನ್ನಿ.

ಒಳಗೆ ಸೇರುವ ರಕ್ತ, ನೀರನ್ನು ಹೊರಗೆಳೆಯುವ ಡ್ರೇನ್ ಪೈಪು ಹಾಕಿ ಕಳಿಸಿದ್ದರೆ ಅದರ ತುದಿಯಲ್ಲಿ ಕೈಮುಷ್ಟಿಯಷ್ಟು ರಬ್ಬರ್ ಬಲ್ಬು ಇರುತ್ತದೆ. ದಿನಕ್ಕೆರಡು ಸಲ ಕೈ ತೊಳೆದು, ಬಿರಡೆ ತೆಗೆದು, ಗುರುತಿನ ಲೋಟಕ್ಕೆ ಸುರಿದು ಎಷ್ಟು ಮಿಲಿ ಎಂದು ಬರೆಯಿರಿ. ನಂತರ ಬಲ್ಬನ್ನು ಹಿಂಡಿ, ಹಿಂಡಿದಂತೆಯೇ ಹಿಡಿದು ಬಿರಡೆ ಹಾಕಿ. ಉಬ್ಬಿದ ಬಲ್ಬು ಏನನ್ನೂ ಎಳೆಯುವುದಿಲ್ಲ. ಬಣ್ಣ ಮೊದಲು ಕೆಂಪು, ಆಮೇಲೆ ತಿಳಿಗುಲಾಬಿ, ಕೊನೆಗೆ ಕುಸುಬಿ ಎಣ್ಣೆಯಂತೆ ಹಳದಿಯಾಗಬೇಕು. ತಿಳಿಯಾದದ್ದು ಮತ್ತೆ ಗಾಢ ಕೆಂಪಾದರೆ ಅದೇ ಗಳಿಗೆ ಫೋನ್ ಮಾಡಿ. ಸಾಮಾನ್ಯವಾಗಿ 24 ತಾಸಿಗೆ 30 ಮಿಲಿಗಿಂತ ಕಡಿಮೆಯಾದರೆ ಪೈಪು ತೆಗೆಯುತ್ತಾರೆ.

ಹಂತ 10: ಆಮೇಲಿನ ವಾರಗಳು

ಟಮ್ಮಿ ಟಕ್ ಆದವರು ಆರು ವಾರ ಭಾರ ಎತ್ತುವಂತಿಲ್ಲ. ನಮ್ಮಲ್ಲಿ ಇದನ್ನು ಮುರಿಸುವುದು ನಲ್ಲಿ. ವಾರಕ್ಕೊಮ್ಮೆ ನೀರು ಬರುವ ಓಣಿಯಲ್ಲಿ "ನೀರ ಬಂತು" ಎಂಬ ಕೂಗು ಕೇಳಿದರೆ ಹೆಣ್ಣುಮಕ್ಕಳ ಕೈ ತಾನಾಗಿ ಕೊಡಕ್ಕೆ ಹೋಗುತ್ತದೆ. ತುಂಬಿದ ಕೊಡ ಹದಿನೈದು ಕಿಲೋ ಹತ್ತಿರ. ಆಪರೇಷನ್ ದಿನ ಗೊತ್ತು ಮಾಡುವ ಮೊದಲೇ ನೀರು ತುಂಬುವವರನ್ನು ಗೊತ್ತು ಮಾಡಿ. ಮದುವೆಗೆಂದು ಮಾಡಿಸುವವರು ಬಾವು ಪೂರ್ತಿ ಇಳಿಯಲು ತಿಂಗಳುಗಳೇ ಬೇಕೆಂದು ತಿಳಿದಿರಿ. ಲಗ್ನಕ್ಕೆ ಮೂರು ವಾರ ಇರುವಾಗ ಹೋಗಿ ಪ್ರಯೋಜನವಿಲ್ಲ.

ಪೈಪು ತೆಗೆದ ಮೇಲೆ ಹೊಟ್ಟೆಯೊಳಗೆ ನೀರು ತುಂಬಿದ ಚೀಲ ಅಲುಗಿದಂತಾದರೆ ಹೋಗಿ ತೋರಿಸಿ, ಸೂಜಿಯಿಂದ ಎಳೆದು ತೆಗೆಯುತ್ತಾರೆ. ನಾಲ್ಕಾರು ವಾರದ ಮೇಲೆ ಕೊಳವೆ ಹಾಕಿದ ಜಾಗದಲ್ಲಿ ಕೆಂಪು ಗಂಟು ಎದ್ದು, ಒಡೆದು, ಆಂಟಿಬಯಾಟಿಕ್ಕಿಗೂ ಜಗ್ಗದೆ ಮತ್ತೆ ಮತ್ತೆ ಕೀವಾದರೆ "ಹೊಲಿಗೆಯ ಗಂಟು" ಎಂಬ ಸಮಾಧಾನ ಒಪ್ಪಬೇಡಿ. ನೀರಿನಲ್ಲಿ ಬದುಕುವ, ಕ್ಷಯದ ಕ್ರಿಮಿಯ ದೂರದ ನೆಂಟರಾದ ಕ್ರಿಮಿಗಳು ಸರಿಯಾಗಿ ಬೇಯಿಸದ ಕೊಳವೆಯ ಜೊತೆ ಒಳಗೆ ಹೋಗುತ್ತವೆ. ಕೀವನ್ನು ಅವುಗಳ ಕಲ್ಚರಿಗೆ, ಎಂದರೆ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆಗೆ, ಕಳಿಸಿ ಎಂದು ಬಾಯಿಬಿಟ್ಟು ಕೇಳಿ. ಇದಕ್ಕೆ ಮದ್ದು ಬೇರೆ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು.

ಏನಾದರೂ ಎಡವಟ್ಟಾದರೆ ಮೊದಲು ಕೇಸ್ ಪೇಪರುಗಳ ಪ್ರತಿ ಬೇಕೆಂದು ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2002ರ ವೈದ್ಯಕೀಯ ನಡತೆಯ ನಿಯಮಗಳ ಪ್ರಕಾರ 72 ತಾಸಿನೊಳಗೆ ಕೊಡಬೇಕು. ಕೆಪಿಎಂಇ ಅಡಿಯ ದೂರನ್ನು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರಕ್ಕೆ, ಡಾಕ್ಟರ ನಡತೆಯ ದೂರನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಕೊಡಬಹುದು. ಪರಿಹಾರ ಕೇಳುವುದಾದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ಅಲ್ಲಿಗೆ ಎರಡು ವರ್ಷದೊಳಗೆ ಹೋಗಬೇಕು.